ಮೂರನೇ ಮಾತು

ಪುತ್ತಿಗೆ
12 ಜೂನ್ 2023

ಪ್ರೀತಿಯ ಶುಭಶ್ರೀ,

ನಿನ್ನ ಫೋನ್ ನಂಬರ್ ನನ್ನ ಹತ್ತಿರ ಉಂಟು. ಆದರೂ ಪತ್ರ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು "ಹ್ಞಾಂ ಟೀಚರ್, ಹೌದು ಟೀಚರ್" ಎನ್ನುವುದು ಬಿಟ್ಟು ಬೇರೇನೂ ಹೇಳುವವಳಲ್ಲ. ಮೂರನೇ ಕ್ಲಾಸಿನಲ್ಲೂ ಹಾಗೆಯೇ. ಬಾಯಿ ಬಿಡಲು ಹೇಳಿದರೆ ನೆಲ ನೋಡುತ್ತಿದ್ದೆ, ಬರೆಯಲು ಹೇಳಿದರೆ ಪುಟ ತುಂಬಿಸುತ್ತಿದ್ದೆ. ಅದಕ್ಕೇ ಈ ಉಪಾಯ.

ಶಾಲೆ ಶುರುವಾಯಿತು. ಏಳು ತರಗತಿ ಸೇರಿ ಇಪ್ಪತ್ತೊಂದು ಮಕ್ಕಳು. ಒಂದನೇ ಕ್ಲಾಸಿಗೆ ಈ ಸಲ ಇಬ್ಬರೇ, ಅದರಲ್ಲಿ ಒಬ್ಬನಿಗೆ ಇನ್ನೂ ಅಳು ನಿಂತಿಲ್ಲ. ಬೆಳಿಗ್ಗೆ ಎಂಟಕ್ಕೆ ಮೂಡುಬಿದಿರೆಯ ಇಂಗ್ಲಿಷ್ ಶಾಲೆಗಳ ಹಳದಿ ಬಸ್ಸು ನಮ್ಮ ಗೇಟಿನ ಎದುರೇ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ನಾನು ಜಗಲಿಯಲ್ಲಿ ನಿಂತು ನೋಡುತ್ತೇನೆ. ಹದಿನೈದಕ್ಕಿಂತ ಕೆಳಗೆ ಇಳಿದರೆ ಶಾಲೆ ಮುಚ್ಚಿ ಇದ್ದವರನ್ನು ಬೇರೆ ಕಡೆ ಸೇರಿಸುತ್ತೇವೆ ಎಂದು ಇಲಾಖೆಯವರು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದಾರೆ. ನನಗೆ ನಿವೃತ್ತಿಗೆ ಇನ್ನು ಎರಡು ವರ್ಷ. ನನ್ನ ಆಸೆ ಒಂದೇ. ನಾನು ಹೊರಗೆ ಹೋಗುವ ದಿನ ಒಳಗೆ ಮಕ್ಕಳ ಗಲಾಟೆ ಕೇಳುತ್ತಿರಬೇಕು. ಅಷ್ಟಾದರೆ ಸಾಕು.

ನಿನ್ನ ಅಮ್ಮ, ನಮ್ಮ ಶಂಕರಿಯಮ್ಮ, ಚೆನ್ನಾಗಿದ್ದಾರೆ. ಬಿಸಿಯೂಟಕ್ಕೆ ಅವರು ಮಾಡುವ ಸಾರಿನ ಪರಿಮಳಕ್ಕೇ ಇಬ್ಬರು ಮೂವರು ಮಕ್ಕಳು ಉಳಿದುಕೊಂಡಿದ್ದಾರೆ ಎಂದು ನನ್ನ ಗುಮಾನಿ. ನೀನು ಏನು ಓದುತ್ತಿದ್ದಿ ಎಂದು ಕೇಳಿದರೆ "ಶಾಲೆಯ ಬಗ್ಗೆ ಎಂಥದೋ ಟೀಚರೇ" ಅಂತಾರೆ. ಶಾಲೆಯ ಬಗ್ಗೆ ಓದಲು ಕೊರಿಯಾಕ್ಕೆ ಹೋಗಬೇಕಾ ಮಾರಾಯ್ತಿ? ಸರಿಯಾಗಿ ಬಿಡಿಸಿ ಬರೆ.

ನಿನ್ನ
ಕಾಂತಿ ಟೀಚರ್

~

ದೇಗು, ದಕ್ಷಿಣ ಕೊರಿಯಾ
16 ಜುಲೈ 2023

ಪ್ರೀತಿಯ ಟೀಚರಿಗೆ ನಮಸ್ಕಾರಗಳು.

ಲಕೋಟೆಯ ಹಿಂದೆ ನಿಮ್ಮ ಅಕ್ಷರ ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂತೆ. ಅಭ್ಯಾಸ ಹೋಗುವುದಿಲ್ಲ ನೋಡಿ.

ನನ್ನ ಓದು ಇಷ್ಟೇ. ಈ ದೇಶದಲ್ಲಿ ಹೊಸ ಕಾಲದ ಶಾಲೆಗಳನ್ನು ಕಟ್ಟಿದವರಲ್ಲಿ ಬಹಳ ಮಂದಿ ಕ್ರೈಸ್ತರು. ಮಿಷನರಿಗಳು ಬಂದು ಸುಮಾರು ನೂರನಲವತ್ತು ವರ್ಷವಾಯಿತು. ನಾನು ನೋಡುತ್ತಿರುವುದು ಅವರನ್ನಲ್ಲ, ಅವರ ಶಾಲೆಗಳಲ್ಲಿ ಕಲಿತು ಆಮೇಲೆ ತಾವೇ ಶಾಲೆ ತೆರೆದ ಇಲ್ಲಿಯ ಜನರನ್ನು. ಮೊದಲೆಲ್ಲ ದೊಡ್ಡ ಮನೆತನದ ಗಂಡುಮಕ್ಕಳು ಚೀನೀ ಲಿಪಿಯಲ್ಲಿ ಓದುತ್ತಿದ್ದರಂತೆ. ಊರಿನವರದೇ ಸುಲಭದ ಅಕ್ಷರ ಒಂದಿತ್ತು, ಅದನ್ನು ಹೆಂಗಸರ ಅಕ್ಷರ ಎಂದು ಮೂಲೆಗೆ ತಳ್ಳಿದ್ದರು. ಬೈಬಲ್ ಅಚ್ಚಾಗಿ ಹಳ್ಳಿ ಹಳ್ಳಿಗೆ ಹೋದದ್ದು ಆ ಅಕ್ಷರದಲ್ಲಿ. ಹಾಗೆ ಓದು ಕಲಿತ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಶಾಲೆ ಕೇಳಿದರು. ಆ ನಂಬಿಕೆ ಇವರನ್ನು ಎಂಥ ಟೀಚರುಗಳನ್ನಾಗಿ ಮಾಡಿತು, ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಎನ್ನುವುದು ನನ್ನ ಪ್ರಶ್ನೆ.

ಅವರಲ್ಲಿ ಒಬ್ಬಳು ನಿಮಗೆ ಇಷ್ಟವಾಗುತ್ತಾಳೆ. ಹಾನ್ ಎಸ್ತೇರ್. ಒಂಬತ್ತು ವರ್ಷದವರೆಗೆ ಅವಳಿಗೆ ಹೆಸರೇ ಇರಲಿಲ್ಲ. ಹೆಣ್ಣುಮಗುವಿಗೆ ಹೆಸರು ಯಾಕೆ ಎಂದು ಮನೆಯಲ್ಲಿ "ಸಣ್ಣದು" ಎಂದು ಕರೆಯುತ್ತಿದ್ದರು. ಮಿಷನ್ ಶಾಲೆಗೆ ಸೇರಿಸುವಾಗ ಹಾಜರಿ ಪುಸ್ತಕದಲ್ಲಿ ಏನಾದರೂ ಬರೆಯಬೇಕಲ್ಲ, ಆಗ ಕೊಟ್ಟ ಹೆಸರು ಎಸ್ತೇರ್. ದೊಡ್ಡವಳಾಗಿ, ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಒಂದು ಹಳ್ಳಿಯಲ್ಲಿ ಏಳು ಹುಡುಗಿಯರನ್ನು ಇಟ್ಟುಕೊಂಡು ಶಾಲೆ ಮಾಡಿದಳು. 1921ರಲ್ಲಿ. ಏಳೇ ಮಂದಿ, ಟೀಚರ್! ನಿಮ್ಮದು ಇಪ್ಪತ್ತೊಂದು.

ಅವಳ ಕೈಬರಹದ ಒಂದು ಪುಸ್ತಕ ಆ ಹಳ್ಳಿಯ ಚರ್ಚಿನಲ್ಲಿದೆ. ಪ್ರತಿ ಭಾನುವಾರ ಅದನ್ನು ಓದಲು ಹೋಗುತ್ತೇನೆ. ಕಡತದ ಕೋಣೆಯ ಬೀಗ ತೆಗೆದು ಕೊಡುವ ಅಜ್ಜಿಗೆ ಎಂಬತ್ತೆರಡು. ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ನನಗೆಂದೇ ಮೀನಿನ ರಸ ಹಾಕದೆ ಬೇರೆ ಭರಣಿಯಲ್ಲಿ ಕ್ಯಾಬೇಜು ಹುಳಿ ಹಾಕಿಡುತ್ತಾರೆ. ಅಮ್ಮನಿಗೆ ಇದನ್ನು ಹೇಳಿ, ಸಮಾಧಾನ ಆದೀತು.

ನಿಮ್ಮ
ಶುಭಶ್ರೀ

~

ಪುತ್ತಿಗೆ
5 ಸೆಪ್ಟೆಂಬರ್ 2023

ಪ್ರೀತಿಯ ಶುಭಶ್ರೀ,

ಇವತ್ತು ಟೀಚರ್ಸ್ ಡೇ. ಮಕ್ಕಳು ದಾಸವಾಳ ತಂದು ಮೇಜು ತುಂಬಿಸಿದರು. ಅವರಿಗೆ ಬದಲಾಗಿ ನಾನೊಂದು ಕಥೆ ಹೇಳಿದೆ, ನಿನ್ನ ಹಾನ್ ಟೀಚರಳದ್ದು. ಹೆಸರಿಲ್ಲದ ಹುಡುಗಿ ಎಂದಾಗ ಎಲ್ಲರೂ ನಕ್ಕರು. ನಾಲ್ಕನೇ ಕ್ಲಾಸಿನ ಪ್ರಾಪ್ತಿ ಮಾತ್ರ ನಗಲಿಲ್ಲ. "ಹೆಸರಿಲ್ಲದಿದ್ದರೆ ಅವಳು ಗೈರುಹಾಜರಾದದ್ದು ಹೇಗೆ ಗೊತ್ತಾಗ್ತದೆ ಟೀಚರ್?" ಎಂದು ಕೇಳಿದಳು. ಈ ಹುಡುಗಿಗಾಗಿಯಾದರೂ ಶಾಲೆ ಉಳಿಯಬೇಕು.

ಏಳು ಮಕ್ಕಳಿಂದ ಶುರುಮಾಡಿದ್ದು ಎಂದು ಓದಿ ನನಗೆ ಎಷ್ಟು ಧೈರ್ಯ ಬಂತು ಗೊತ್ತುಂಟಾ? ಈ ಊರಿನಲ್ಲಿ ಎಲ್ಲರೂ ನನ್ನನ್ನು ನೋಡುವುದು ಹೆಣ ಕಾಯುವವಳನ್ನು ನೋಡಿದ ಹಾಗೆ. ನಮ್ಮ ಶಾಲೆಯ ಸಂಚಾಲಕರು ಶೀನಪ್ಪಣ್ಣನೂ ಮೊನ್ನೆ "ಕಾಂತಿ ಟೀಚರೇ, ಸಾಕು ಮಾಡುವನಾ?" ಎಂದರು. ನಾನು ನಿನ್ನ ಪತ್ರ ಓದಿ ಹೇಳಿದೆ. ಅವರು ತಲೆ ತುರಿಸಿಕೊಂಡು ಹೋದರು.

ಅವಳಿಗೆ ಮುಂದೆ ಏನಾಯಿತು? ಬೇಗ ಬರೆ. ಮಕ್ಕಳು ಪೀಡಿಸುತ್ತಿದ್ದಾರೆ.

ಕಾಂತಿ ಟೀಚರ್

~

ದೇಗು
28 ನವೆಂಬರ್ 2023

ಪ್ರೀತಿಯ ಟೀಚರಿಗೆ,

ತಡವಾಯಿತು, ಕ್ಷಮಿಸಿ. ಮುಂದಿನದು ಮಕ್ಕಳಿಗೆ ಹೇಳುವಂಥ ಕಥೆಯೋ ಅಲ್ಲವೋ ನೀವೇ ನೋಡಿ.

ಆಗ ಇಲ್ಲಿ ಜಪಾನೀಯರ ಆಳ್ವಿಕೆ. 1930ರ ದಶಕದ ಕೊನೆಗೆ ಒಂದು ಆಜ್ಞೆ ಬಂತು. ಎಲ್ಲ ಶಾಲೆಗಳೂ ಮಕ್ಕಳ ಸಮೇತ ಅವರ ದೇವಾಲಯಕ್ಕೆ ಹೋಗಿ ಸೊಂಟ ಬಗ್ಗಿಸಿ ವಂದಿಸಬೇಕು. ಅದು ಪೂಜೆಯಲ್ಲ, ಬರೀ ಮರ್ಯಾದೆ ಎಂದು ಸರಕಾರ ಹೇಳಿತು. ಒಬ್ಬ ದೇವರ ಮುಂದೆ ಬಿಟ್ಟು ಇನ್ನೆಲ್ಲೂ ಬಗ್ಗುವುದಿಲ್ಲ ಎಂದವರು ಎಷ್ಟೋ ಶಾಲೆಗಳನ್ನು ಮುಚ್ಚಿದರು. ಕೆಲವರು ಜೈಲಿಗೆ ಹೋದರು. ಬೇರೆ ಕೆಲವರು ಬಗ್ಗಿದರು, ಶಾಲೆ ಉಳಿಸಿಕೊಂಡರು.

ಹಾನ್ ಎಸ್ತೇರ್ ಬಗ್ಗಿದಳು. ಆ ದಿನ ಅವಳ ಪುಸ್ತಕದಲ್ಲಿ ಹಾಜರಾದ ಮಕ್ಕಳ ಹೆಸರಿದೆ, ಐವತ್ತಮೂರು. ಕೆಳಗೆ ಬೇರೇನೂ ಬರೆದಿಲ್ಲ. ಶಾಲೆ ಉಳಿಯಿತು.

ಒಂದು ಪಾರ್ಸೆಲ್ ಕಳುಹಿಸಿದ್ದೇನೆ. ಇಪ್ಪತ್ತೈದು ನೋಟುಪುಸ್ತಕ, ಎರಡು ಡಬ್ಬಿ ಪೆನ್ಸಿಲು. ಇಲ್ಲಿಯ ಕೆಲವು ಗೆಳತಿಯರು ಸೇರಿಸಿ ಕಟ್ಟಿಕೊಟ್ಟದ್ದು.

ಶುಭಶ್ರೀ

~

ಪುತ್ತಿಗೆ
20 ಜನವರಿ 2024

ಪ್ರೀತಿಯ ಶುಭಶ್ರೀ,

ಪಾರ್ಸೆಲ್ ತಲುಪಿತು. ಪೆನ್ಸಿಲ್ ಎಂದರೆ ಹೀಗಿರಬೇಕು, ಮೊನೆ ಮುರಿಯುವುದೇ ಇಲ್ಲ. ಅದರ ಮೇಲಿರುವ ನಿಮ್ಮ ಕೊರಿಯಾದ ಅಕ್ಷರಗಳನ್ನು ಮಕ್ಕಳು ಬೋರ್ಡಿನ ಮೇಲೆ ಬರೆದು ಚೆಂದ ನೋಡುತ್ತಿದ್ದಾರೆ. ಪ್ರಾಪ್ತಿಯದ್ದು ಅಚ್ಚು ಹೊಡೆದ ಹಾಗೆ ಬರುತ್ತದೆ.

ಹಾನ್ ಟೀಚರಳ ವಿಷಯ ಓದಿದೆ. ಅದರಲ್ಲಿ ಅಷ್ಟು ಒದ್ದಾಡಲಿಕ್ಕೆ ಏನುಂಟು? ತಲೆ ಬಗ್ಗಿಸಿದರೆ ಕುತ್ತಿಗೆ ತುಂಡಾಗುತ್ತದಾ? ಐವತ್ತಮೂರು ಮಕ್ಕಳು ಮರುದಿನವೂ ಶಾಲೆಗೆ ಬಂದರಲ್ಲ. ದೇವರು ಎನ್ನುವವನು ಇದ್ದರೆ ಅವನೇ ಮೊದಲು ಅವಳ ಬೆನ್ನು ತಟ್ಟಿರುತ್ತಾನೆ. ಮುಚ್ಚಿ ಜೈಲಿಗೆ ಹೋದವರು ದೊಡ್ಡವರಿರಬಹುದು, ಅವರ ಮಕ್ಕಳು ಆಮೇಲೆ ಎಲ್ಲಿ ಓದಿದರು? ಅದನ್ನು ಯಾರೂ ಬರೆಯುವುದಿಲ್ಲ.

ನಾನಾದರೂ ಅದನ್ನೇ ಮಾಡುತ್ತಿದ್ದೆ. ನಿನ್ನ ಪ್ರಬಂಧದಲ್ಲಿ ಬೇಕಾದರೆ ಬರೆದುಕೋ, ಪುತ್ತಿಗೆಯ ಕಾಂತಿ ಶೆಟ್ಟಿಯ ತೀರ್ಪು ಎಂದು.

ಕಾಂತಿ ಟೀಚರ್

~

ದೇಗು
31 ಮಾರ್ಚ್ 2024

ಟೀಚರ್,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೂ ಯಾರಿಗಾದರೂ ಬರೆಯಬೇಕು, ಮತ್ತು ನನಗೆ ಬರೆಯಲು ಬರುವುದು ನಿಮಗೆ ಮಾತ್ರ.

ಇವತ್ತು ಈಸ್ಟರ್. ಬೆಳಿಗ್ಗೆ ಆ ಹಳ್ಳಿಯ ಚರ್ಚಿನಲ್ಲಿ ನಾನು ದೀಕ್ಷಾಸ್ನಾನ ತೆಗೆದುಕೊಂಡೆ. ಯಾರೂ ಒತ್ತಾಯಿಸಲಿಲ್ಲ. ನನ್ನ ವಿದ್ಯಾರ್ಥಿವೇತನಕ್ಕೂ ಇದಕ್ಕೂ ಸಂಬಂಧವಿಲ್ಲ. ಹೇಳಿದರೆ ಊರಿನಲ್ಲಿ ಯಾರೂ ನಂಬುವುದಿಲ್ಲ, ನೀವು ನಂಬುತ್ತೀರಿ ಎಂದುಕೊಂಡಿದ್ದೇನೆ.

ಹಾನ್ ಎಸ್ತೇರಳ ಆ ಪುಸ್ತಕ ಬರೀ ಹಾಜರಿ ಪುಸ್ತಕವಲ್ಲ. ಪ್ರತಿ ದಿನ ಒಂದೊಂದು ಮಗುವಿನ ಹೆಸರು ಹಿಡಿದು ಬೇಡಿಕೊಂಡಿದ್ದಾಳೆ. ಇವಳ ಕೆಮ್ಮು ನಿಲ್ಲಲಿ, ಇವಳ ಅಪ್ಪ ಕುಡಿಯದೆ ಮನೆಗೆ ಬರಲಿ. ಒಂದು ವರ್ಷ ಅದನ್ನು ನಕಲು ಮಾಡುತ್ತ ಮಾಡುತ್ತ ನಾನೂ ಹಾಗೆ ಬೇಡಲು ಶುರುಮಾಡಿದೆ. ಅಮ್ಮನ ಹೆಸರು, ನಿಮ್ಮ ಹೆಸರು, ಇಪ್ಪತ್ತೊಂದು ಮಕ್ಕಳಲ್ಲಿ ನನಗೆ ಗೊತ್ತಿರುವ ಒಂದೇ ಹೆಸರು ಪ್ರಾಪ್ತಿ. ಯಾರ ಹತ್ತಿರ ಬೇಡುತ್ತಿದ್ದೇನೆ ಎಂದು ಒಂದು ದಿನ ತಿಳಿಯಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಸಂತೋಷವಾಗಿದೆ ಟೀಚರ್. ಹೆದರಿಕೆಯೂ ಆಗುತ್ತಿದೆ. ಅಮ್ಮನಿಗೆ ಗೊತ್ತಾದರೆ...

ಇಲ್ಲ, ಇದನ್ನು ಕಳುಹಿಸುವುದಿಲ್ಲ.

~

ದೇಗು
7 ಏಪ್ರಿಲ್ 2024

ಪ್ರೀತಿಯ ಟೀಚರಿಗೆ,

ನಾನು ಕ್ಷೇಮ. ಇಲ್ಲಿ ಚೆರಿ ಮರಗಳು ಹೂ ಬಿಟ್ಟಿವೆ, ರಸ್ತೆಯೆಲ್ಲ ಬಿಳಿ. ಪ್ರಬಂಧದ ಎರಡು ಅಧ್ಯಾಯ ಮುಗಿಯಿತು. ನಿಮ್ಮ ತೀರ್ಪನ್ನು ನನ್ನ ಪ್ರೊಫೆಸರರಿಗೆ ಅನುವಾದಿಸಿ ಹೇಳಿದೆ, ಬಹಳ ಹೊತ್ತು ನಕ್ಕರು.

ಬೇರೆ ವಿಶೇಷ ಏನೂ ಇಲ್ಲ. ಅಮ್ಮನಿಗೆ ತಿಳಿಸಿ.

ಶುಭಶ್ರೀ

~

ಪುತ್ತಿಗೆ
24 ಜೂನ್ 2024

ಪ್ರೀತಿಯ ಶುಭಶ್ರೀ,

ಈ ಪತ್ರ ಕೂತು ಓದು. ಕೊನೆಗೆ ಒಳ್ಳೆಯದೇ ಆಯಿತು, ಆದ್ದರಿಂದ ಮಧ್ಯದಲ್ಲಿ ಗಾಬರಿ ಬೇಡ.

ಶಾಲೆ ಶುರುವಾಗುವ ಹೊತ್ತಿಗೆ ಪ್ರಾಪ್ತಿಯ ಅಪ್ಪ ಲತೇಶ್ ಬಂದ. ಕೈಯಲ್ಲಿ ನಿನ್ನ ಪೆನ್ಸಿಲು. "ಟೀಚರೇ, ಇದರಲ್ಲಿ ಎಂಥ ಬರೆದದ್ದು ಅಂತ ನಿಮಗೆ ಗೊತ್ತುಂಟಾ?" ಎಂದ. "ಪೆನ್ಸಿಲಿನಲ್ಲಿ ಪೆನ್ಸಿಲ್ ಅಂತಲೇ ಬರೆದಿರ್ತಾರೆ ಮಾರಾಯ" ಎಂದೆ. ಅವನು ಮೊಬೈಲನ್ನು ಅದರ ಮೇಲೆ ಹಿಡಿದು ತೋರಿಸಿದ. ಈಗ ಎಲ್ಲ ಭಾಷೆಯನ್ನೂ ಮೊಬೈಲೇ ಓದುತ್ತದಂತೆ. 'ಯೇಸು ನಿನ್ನನ್ನು ಪ್ರೀತಿಸುತ್ತಾನೆ' ಎಂದು ಬಂತು.

ಅಷ್ಟೇ ಸಾಕಾಯಿತು. ನಾನು ಮಕ್ಕಳಿಗೆ ಹಾನ್ ಟೀಚರಳ ಕಥೆ ಹೇಳಿದ್ದು, ಅವರು ಬೋರ್ಡಿನಲ್ಲಿ ಆ ಅಕ್ಷರ ಬರೆದದ್ದು, ಕೊರಿಯಾದಿಂದ ಪಾರ್ಸೆಲ್ ಬಂದದ್ದು, ಎಲ್ಲ ಒಂದೇ ದಾರಕ್ಕೆ ಪೋಣಿಸಿದರು. ಕಾಂತಿ ಟೀಚರ್ ಮಕ್ಕಳನ್ನು ಮತಾಂತರ ಮಾಡುತ್ತಿದ್ದಾರೆ ಎಂದಾಯಿತು! ಒಂದು ವಾರದಲ್ಲಿ ಹತ್ತು ಮಕ್ಕಳು ಬರುವುದು ನಿಲ್ಲಿಸಿದರು. ಮೂವತ್ತೈದು ವರ್ಷ ಈ ಊರಿಗೆ ಅ ಆ ಇ ಈ ಕಲಿಸಿದವಳು ನಾನು. ನನ್ನ ಹತ್ತಿರ ಕಲಿತವರೇ ನನ್ನನ್ನು ಕಂಡು ರಸ್ತೆ ಬದಲಿಸಿದರು. ಎಷ್ಟು ನೋವಾಯಿತೆಂದು ಬರೆದು ತಿಳಿಸಲು ಆಗುವುದಿಲ್ಲ. ನಿನ್ನ ಅಮ್ಮನಂತೂ ಬಿಸಿಯೂಟದ ಕೋಣೆಯಿಂದ ಹೊರಗೇ ಬರಲಿಲ್ಲ. "ನನ್ನ ಮಗಳಿಂದಾಗಿ" ಎಂದು ಒಂದೇ ಮಾತು.

ಶೀನಪ್ಪಣ್ಣ ಸಭೆ ಕರೆದರು. ಯಾರೋ "ಟೀಚರ್ ಪ್ರಮಾಣ ಮಾಡಲಿ" ಎಂದರು. ಮಾಡುತ್ತೇನೆ ಎಂದೆ. ನಮ್ಮಲ್ಲಿ ಪೊಲೀಸರ ಮಾತು, ಕೋರ್ಟಿನ ಮಾತು ಯಾರಿಗೆ ಬೇಕು? ದೈವದ ಮುಂದೆ ಹೇಳಿದ್ದೇ ಕೊನೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಗ್ರಾಮದ ದೈವದ ಚಾವಡಿಗೆ ಹೋದೆ. ದೀಪ ಹಚ್ಚಿದರು. ಮಣೆಯ ಮೇಲಿನ ದೈವದ ಖಡ್ಗದ ಎದುರು ನಿಂತು, ಶಾಲೆಯ ಅಷ್ಟೂ ಮಕ್ಕಳ ಹೆಸರಿನಲ್ಲಿ ಹೇಳಿದೆ. ಒಂದು, ಯಾವ ಚರ್ಚಿನಿಂದಲೂ ನಾನು ಬಿಡಿಗಾಸು ಮುಟ್ಟಿಲ್ಲ. ಎರಡು, ಯಾವ ಮಗುವಿಗೂ ತನ್ನ ದೇವರನ್ನು ಬಿಡು ಎಂದು ಹೇಳಿಲ್ಲ.

ಅವರು ಕೇಳಿದ್ದು ಇವೆರಡೇ. ಆದರೆ ಹಿಂದಿನಿಂದ ಯಾರೋ "ಆ ಶಂಕರಿಯಮ್ಮನ ಮಗಳು ಅಲ್ಲಿ ಸೇರಿದ್ದಾಳಂತೆ" ಎಂದು ಗೊಣಗಿದರು. ನಿನ್ನ ಅಮ್ಮ ಬಾಗಿಲ ಹತ್ತಿರ ನಿಂತಿದ್ದರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ನಾನೇ ಮೂರನೆಯದನ್ನೂ ಹೇಳಿದೆ: ನನ್ನ ಶಿಷ್ಯೆ ಶುಭಶ್ರೀ ತನ್ನ ಧರ್ಮ ಬಿಟ್ಟವಳಲ್ಲ, ಇದು ಸತ್ಯ.

ಆಮೇಲೆ ಲತೇಶ್ ಬಂದು ಕಾಲಿಗೆ ಬಿದ್ದ. ಸೋಮವಾರದಿಂದ ಮಕ್ಕಳು ಬರುತ್ತಿದ್ದಾರೆ, ಹದಿನೇಳು. ನನ್ನ ನಿವೃತ್ತಿಯವರೆಗೆ ಇಷ್ಟು ಸಾಕು. ನಿನ್ನ ಹಾನ್ ಟೀಚರಳ ಹಾಗೆ ನಾನೂ ತಲೆ ಬಗ್ಗಿಸಿದೆ ನೋಡು, ಶಾಲೆ ಉಳಿಯಿತು. ನನಗೆ ಬಗ್ಗಲು ಕಷ್ಟವೇ ಆಗಲಿಲ್ಲ, ಹೇಳಿದ್ದೆಲ್ಲ ಸತ್ಯವೇ ಇತ್ತಲ್ಲ!

ಕಾಂತಿ ಟೀಚರ್

~

ಪುತ್ತಿಗೆ
2 ಸೆಪ್ಟೆಂಬರ್ 2024

ಪ್ರೀತಿಯ ಶುಭಶ್ರೀ,

ನಿನ್ನ ಪತ್ರ ಇಲ್ಲ. ಫೋನಿನಲ್ಲಿಯೂ ಅಮ್ಮನ ಹತ್ತಿರ ಎರಡು ಮಾತು ಆಡಿ ಇಡುತ್ತಿ ಎಂದರು. ಪೆನ್ಸಿಲಿನ ವಿಷಯಕ್ಕೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ಬಿಟ್ಟುಬಿಡು. ನಿನ್ನ ಗೆಳತಿಯರು ಅಂಗಡಿಯಲ್ಲಿ ಸಿಕ್ಕಿದ್ದನ್ನು ತೆಗೆದಿರುತ್ತಾರೆ, ನೀನು ನೋಡಿರಲಿಕ್ಕಿಲ್ಲ. ನಾನು ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ.

ಒಂದು ಕೆಲಸ ಉಂಟು. ಪ್ರಮಾಣದಲ್ಲಿ ಯಾರ ಹೆಸರು ಬಂತೋ ಅವರು ವರ್ಷದ ಒಳಗೆ ಬಂದು ದೈವಕ್ಕೆ ಕಾಣಿಕೆ ಹಾಕಿ ಗಂಧ ಪ್ರಸಾದ ತೆಗೆದುಕೊಳ್ಳಬೇಕು ಎಂಬುದು ಇಲ್ಲಿಯ ಕ್ರಮ. ಶೀನಪ್ಪಣ್ಣ ಎರಡು ಸಲ ನೆನಪು ಮಾಡಿದರು. ದೀಪಾವಳಿಗೆ ರಜೆ ಸಿಕ್ಕಿದರೆ ಬಾ. ಐದು ನಿಮಿಷದ ಕೆಲಸ. ನಾನೂ ಜೊತೆಗೆ ಬರುತ್ತೇನೆ. ಆಮೇಲೆ ಊರು ಇದನ್ನು ಮರೆತುಬಿಡುತ್ತದೆ. ಮುಂದಿನ ವರ್ಷಕ್ಕೆ ಇಬ್ಬರನ್ನು ಸೇರಿಸುತ್ತೇನೆ ಎಂದು ಲತೇಶ್ ಮಾತು ಕೊಟ್ಟಿದ್ದಾನೆ.

ಕಾಂತಿ ಟೀಚರ್

~

ದೇಗು
29 ಸೆಪ್ಟೆಂಬರ್ 2024

ಟೀಚರ್,

ಜುಲೈಯಿಂದ ಈ ಪತ್ರವನ್ನು ಹನ್ನೊಂದು ಸಲ ಬರೆದು ಹರಿದಿದ್ದೇನೆ. ಫೋನ್ ಮಾಡಲು ಧೈರ್ಯವಿರಲಿಲ್ಲ.

ನಿಮ್ಮ ಮೂರನೇ ಮಾತು ಸತ್ಯವಲ್ಲ. ಮಾರ್ಚ್ 31ರಂದು ನಾನು ದೀಕ್ಷಾಸ್ನಾನ ತೆಗೆದುಕೊಂಡೆ. ಅಂದೇ ನಿಮಗೆ ಬರೆದೆ, ಕಳುಹಿಸಲಿಲ್ಲ. ಆ ಕಾಗದ ಇನ್ನೂ ನನ್ನ ಡ್ರಾಯರಿನಲ್ಲಿದೆ. ಪಾರ್ಸೆಲ್ ಕಟ್ಟಿದವರು ಚರ್ಚಿನ ಹೆಂಗಸರು. ಪೆನ್ಸಿಲಿನ ಮೇಲೆ ಏನಿದೆ ಎಂದು ನನಗೆ ಗೊತ್ತಿತ್ತು. ಪುತ್ತಿಗೆಯಲ್ಲಿ ಅದನ್ನು ಓದುವವರು ಯಾರು ಎಂದುಕೊಂಡೆ.

ಇನ್ನೊಂದನ್ನೂ ಮುಚ್ಚಿಟ್ಟೆ. ಹಾನ್ ಎಸ್ತೇರಳ ಕಥೆ 'ಶಾಲೆ ಉಳಿಯಿತು' ಎಂಬಲ್ಲಿಗೆ ಮುಗಿಯುವುದಿಲ್ಲ. ನಿಮಗೆ ಅವಳಿಂದ ಧೈರ್ಯ ಬಂತು ಎಂದು ಬರೆದಿರಿ, ಅದಕ್ಕೆ ಅಲ್ಲಿಗೇ ನಿಲ್ಲಿಸಿದೆ. 1945ರ ಆಗಸ್ಟ್ ಹದಿನೈದಕ್ಕೆ ಇವರಿಗೆ ಸ್ವಾತಂತ್ರ್ಯ ಬಂತು. ಬಗ್ಗದೆ ಜೈಲಿಗೆ ಹೋಗಿದ್ದವರು ಹೊರಗೆ ಬಂದರು. ಚರ್ಚಿನಲ್ಲಿ ಅವರು ಕೂತ ಬೆಂಚಿನಲ್ಲಿ ಅವಳು ಕೂರುವಂತಿರಲಿಲ್ಲ. ಅವಳೇ ಓದಿಸಿದ ಹುಡುಗಿಯರ ತಾಯಂದಿರು ಅವಳನ್ನು ಶಾಲೆಯಿಂದ ಬಿಡಿಸಿದರು. ಮೊದಲು ದಿನಕ್ಕೊಂದು ಮಗುವಿಗಾಗಿ ದೇವರಲ್ಲಿ ಬೇಡಿ ಬರೆಯುತ್ತಿದ್ದಳು; ಬಗ್ಗಿದ ದಿನದಿಂದ ಅವಳ ಪುಸ್ತಕದಲ್ಲಿ ಪ್ರಾರ್ಥನೆಗಳಿಲ್ಲ, ಹೆಸರುಗಳು ಮಾತ್ರ. ಕೊನೆಯ ಪುಟದಲ್ಲಿ ಒಂದು ಸಾಲಿದೆ: 'ಮಕ್ಕಳಿಗಾಗಿ ಬಗ್ಗಿದೆ, ಮಕ್ಕಳ ಮುಖ ನೋಡಲಾಗುತ್ತಿಲ್ಲ.' ಆ ಶಾಲೆಯೂ ಈಗ ಇಲ್ಲ. ಹಳ್ಳಿಯಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ. ಏಳು ವರ್ಷದ ಹಿಂದೆ ಮುಚ್ಚಿದರು. ಅಲ್ಲೊಂದು ಕಾಫಿ ಅಂಗಡಿ ಇದೆ, ದೇಗುವಿನಿಂದ ಜನ ಕಾರಿನಲ್ಲಿ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ.

ನಾನು ಬಂದು ಪ್ರಸಾದ ತೆಗೆದುಕೊಳ್ಳಬಹುದಿತ್ತು. ಐದು ನಿಮಿಷದ ಕೆಲಸ, ನಿಜ. ಎರಡು ವಾರ ಅದನ್ನೇ ಯೋಚಿಸಿದೆ, ಟಿಕೆಟಿನ ದರವನ್ನೂ ನೋಡಿದೆ. ಆಗಲಿಲ್ಲ ಟೀಚರ್. ನಿಮ್ಮ ದೈವ ಸುಳ್ಳು ಎಂದು ನಾನು ಅಂದುಕೊಂಡಿಲ್ಲ. ಹಾಗೆ ಅಂದುಕೊಂಡಿದ್ದರೆ ಸುಲಭವಾಗುತ್ತಿತ್ತು. ನಿಮ್ಮ ಪಕ್ಕದಲ್ಲಿ ನಿಂತು ನಿಮಗೇ ಸುಳ್ಳು ಹೇಳಲು ಆಗಲಿಲ್ಲ.

ಈ ಪತ್ರವನ್ನು ನೀವು ಯಾರಿಗೂ ತೋರಿಸಬೇಡಿ. ಅಮ್ಮನಿಗೂ ಬೇಡ. ನೀವು ಹೇಳಿದ್ದು ತಿಳಿಯದೆ ಹೇಳಿದ್ದು, ದೋಷ ನನ್ನದು. ಓದಿ ಒಲೆಗೆ ಹಾಕಿ. ನಿಮಗೆ ಹೇಳಿದ ಮೇಲೆ ನನ್ನ ಎದೆ ಹಗುರವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೌದು.

ಶುಭಶ್ರೀ

~

ಪುತ್ತಿಗೆ
19 ಜನವರಿ 2025

ಶುಭಶ್ರೀ,

ನಿನ್ನ ಪತ್ರ ಬಂದದ್ದು ಅಕ್ಟೋಬರ್ ಇಪ್ಪತ್ತೆಂಟಕ್ಕೆ. ಮಕ್ಕಳು ಊಟಕ್ಕೆ ಕೂತಿದ್ದರು. ಓದಿ ಕಪಾಟಿನಲ್ಲಿಟ್ಟು ಅವರಿಗೆ ಮಜ್ಜಿಗೆ ಬಡಿಸಿದೆ.

ಒಂಬತ್ತು ದಿನ ಸುಮ್ಮನಿದ್ದೆ. ನೀನು ಹೇಳಿದ ಹಾಗೆ ಒಲೆಗೆ ಹಾಕಲೂ ಹೋಗಿದ್ದೆ. ತಿಳಿಯದೆ ಹೇಳಿದ್ದು ನನ್ನ ದೋಷವಲ್ಲ ಎಂದು ನನಗೂ ಗೊತ್ತು. ಆದರೆ ತಿಳಿದ ಮೇಲೂ ಸುಮ್ಮನಿದ್ದರೆ ಅದು ಯಾರ ದೋಷ? ಪ್ರಮಾಣ ಮಾಡಿದ್ದು ನನ್ನ ತಲೆಯ ಮೇಲೆ ಅಲ್ಲ, ಮಕ್ಕಳ ಹೆಸರಿನಲ್ಲಿ; ಸುಳ್ಳಾದರೆ ತಾಗುವುದು ಅವರಿಗೆ. ಹತ್ತನೇ ದಿನ ಪ್ರಾಪ್ತಿ ಬರಲಿಲ್ಲ. ಜ್ವರ ಎಂದರು. ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಹತ್ತು ಸಲ ಹೇಳಿಕೊಂಡೆ. ನೀನು ನಂಬಿದ್ದನ್ನು ನೀನು ಬಿಡಲಿಲ್ಲ. ನಾನು ನಂಬಿದ್ದನ್ನು ನಾನು ಎಲ್ಲಿ ಬಿಡಲಿ?

ಮೊದಲು ನಿನ್ನ ಅಮ್ಮನಿಗೆ ಹೇಳಿದೆ. ಬೇರೆಯವರ ಬಾಯಿಂದ ಕೇಳಬಾರದು ಎಂದು. ಅಕ್ಕಿ ಆರಿಸುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೆ ಆರಿಸಿದ ಅಕ್ಕಿಯನ್ನು ಆರಿಸದ ಅಕ್ಕಿಗೆ ಸುರಿದು, ಮತ್ತೆ ಮೊದಲಿನಿಂದ ಆರಿಸಲು ಕೂತರು. ನಾನು ಪಕ್ಕದಲ್ಲಿ ಕೂತು ಅತ್ತೆ.

ಆಮೇಲೆ ಚಾವಡಿಗೆ ಹೋಗಿ ತಪ್ಪು ಕಾಣಿಕೆ ಹಾಕಿ, ಮೂರನೇ ಮಾತು ಸುಳ್ಳಾಯಿತು ಎಂದು ಹೇಳಿ ಬಂದೆ. ಶೀನಪ್ಪಣ್ಣ ತಲೆಗೆ ಕೈಯಿಟ್ಟುಕೊಂಡರು. "ಟೀಚರೇ, ಇದನ್ನು ಈಗ ಹೇಳಿದ್ದು ಎಂಥಕ್ಕೆ? ಮೇ ತಿಂಗಳವರೆಗೆ ಬಾಯಿ ಮುಚ್ಚಿ ಕೂತುಕೊಳ್ಳಲಿಕ್ಕೆ ಆಗ್ತಿರಲಿಲ್ಲವಾ? ಯಾರಿಗೆ ಗೊತ್ತಾಗ್ತಿತ್ತು?" ಎಂದರು. ಬಯ್ಯಲಿಲ್ಲ, ಬೇಡಿಕೊಂಡ ಹಾಗೆ ಕೇಳಿದರು.

ಮೂರನೆಯದು ಸುಳ್ಳಾದ ಮೇಲೆ ಮೊದಲ ಎರಡನ್ನು ಯಾರು ನಂಬುತ್ತಾರೆ? ನವೆಂಬರ್ ಮುಗಿಯುವಾಗ ನಾಲ್ಕು ಮಕ್ಕಳು ಉಳಿದಿದ್ದರು. ಲತೇಶ್ ಎಲ್ಲರಿಗಿಂತ ಕೊನೆಗೆ ಬಂದ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ ಟೀಚರ್. ಎಲ್ಲರೂ ಹೋಗುವಾಗ ನಾನೊಬ್ಬ ಮಗಳನ್ನು ಇಟ್ಟರೆ ಊರಿನಲ್ಲಿ ನನಗೆ ಬಾಳ್ವೆ ಉಂಟಾ?" ಎಂದ. ಪ್ರಾಪ್ತಿಯ ಟಿ.ಸಿ. ನಾನೇ ಬರೆದುಕೊಟ್ಟೆ. ಜ್ವರ ಎಂದೋ ಬಿಟ್ಟಿತ್ತು. ಈಗ ಹಳದಿ ಬಸ್ಸಿನಲ್ಲಿ ಹೋಗುತ್ತಾಳೆ. ಕಿಟಕಿ ಹತ್ತಿರ ಕೂತರೂ ಈ ಕಡೆ ನೋಡುವುದಿಲ್ಲ. ನೋಡಬೇಡ ಎಂದು ಹೇಳಿರುತ್ತಾರೆ.

ಡಿಸೆಂಬರ್ ಇಪ್ಪತ್ತಕ್ಕೆ ಶಾಲೆ ಮುಚ್ಚಿದರು. ನಿನ್ನ ಅಮ್ಮ ಮುಂಡಾಜೆಗೆ ತಮ್ಮನ ಮನೆಗೆ ಹೋದರು. ಅಲ್ಲಿ ಯಾರಿಗೂ ನಿನ್ನ ವಿಷಯ ಗೊತ್ತಿಲ್ಲ, ಗೊತ್ತಾಗದ ಹಾಗೆ ಇರಬೇಕಾದರೆ ನೀನು ಅಲ್ಲಿಗೆ ಬರಬಾರದು ಎಂದು ನಿನಗೆ ತಿಳಿಸಲು ಹೇಳಿದ್ದಾರೆ. ಅದನ್ನು ತಿಳಿಸಲೆಂದೇ ಈ ಪತ್ರ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಉಳಿದ ನಾಲ್ಕು ತಿಂಗಳಿಗೆ ನನ್ನನ್ನು ಕಲ್ಲಡ್ಕದ ಹತ್ತಿರ ಒಂದು ಶಾಲೆಗೆ ಹಾಕಿದ್ದಾರೆ. ಬಂಟ್ವಾಳದವರೆಗೆ ಹೋಗಿ ಬಸ್ಸು ಬದಲಿಸಬೇಕು. ಅಲ್ಲಿ ಟೀಚರುಗಳು ಬೇಕಾದಷ್ಟು ಇದ್ದಾರೆ. ನನಗೆ ಕ್ಲಾಸಿಲ್ಲ. ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕ ಒಂದು ಕುರ್ಚಿ ಕೊಟ್ಟಿದ್ದಾರೆ. ಪಾಪ, ಒಳ್ಳೆಯವರು. ಗಂಟೆಗೊಮ್ಮೆ ಚಾ ಬೇಕಾ ಎಂದು ಕೇಳುತ್ತಾರೆ.

ನಿನ್ನ ಮೇಲೆ ಕೋಪವಿದೆ. ಧರ್ಮ ಬಿಟ್ಟಿದ್ದಕ್ಕಲ್ಲ. ಎಲ್ಲಿ ನೆಮ್ಮದಿ ಸಿಗುತ್ತದೋ ಅಲ್ಲಿ ಇರು, ಅದನ್ನು ಕೇಳಲು ನಾನು ಯಾರು? ಮಾರ್ಚಿನಲ್ಲಿ ಬರೆದ ಆ ಕಾಗದಕ್ಕೆ ಒಂದು ಅಂಚೆಚೀಟಿ ಹಚ್ಚಿದ್ದರೆ ಚಾವಡಿಯಲ್ಲಿ ನಾನು ಎರಡು ಮಾತು ಹೇಳಿ ಇಳಿದು ಬರುತ್ತಿದ್ದೆ, ಎರಡೂ ಸತ್ಯ. ಇಲ್ಲ, ಮುಚ್ಚಿಡುವುದೇ ಎಂದಾದರೆ ಕೊನೆಯವರೆಗೂ ಮುಚ್ಚಿಡಬೇಕಿತ್ತು. ನೀನು ಎರಡೂ ಮಾಡಲಿಲ್ಲ. ನನ್ನಿಂದ ಪ್ರಮಾಣ ಆಗುವವರೆಗೆ ಕಾದು, ಆಮೇಲೆ ಸತ್ಯ ಹೇಳಿದೆ.

ಹೇಳಿದ ಮೇಲೆ ಎದೆ ಹಗುರವಾಯಿತು ಎಂದು ಬರೆದಿದ್ದಿ. ನಾನೂ ಸತ್ಯ ಹೇಳಿದವಳೇ, ಊರಿನ ಎದುರು, ದೀಪದ ಎದುರು. ಮನೆಗೆ ಬರುವ ದಾರಿಯಲ್ಲಿ ಕಾದೆ, ಮರುದಿನವೂ ಕಾದೆ. ಏನೂ ಹಗುರವಾಗಲಿಲ್ಲ.

ಇನ್ನು ಬರೆಯಬೇಡ. ನಿನ್ನ ಪತ್ರ ಬಂದರೆ ಉತ್ತರ ಬರೆಯದೆ ಇರಲು ನನ್ನಿಂದ ಆಗುವುದಿಲ್ಲ. ಬರೆಯಲು ಏನೂ ಉಳಿದಿಲ್ಲ.

ಕಾಂತಿ ಟೀಚರ್